ಚಂದ್ರಿಯ ತೇಗು

ಏ, ನಿಂದರ್ರಿ ಡಾಕ್ಟರ್ ಸಾಹೇಬ್ರ! ಲೂನಾ ಚಾಲೂ ಮಾಡಬ್ಯಾಡ್ರಿ. ‘ಪುಡಿಯಿಂದ ಉಪಯೋಗ ಇಲ್ಲ’ ಅಂತ ಬರದು ಹೊಂಟ್ರ ಹೆಂಗರಿ? ಕುಂದರ್ರಿ, ಚಹಾ ಕುಡೀರಿ. ಕೂಸು ತೊಟ್ಟಲದಾಗ ಮಲಗೇತಿ, ಅದು ಏಳೂದ್ರಾಗ ಮಾತು ಮುಗಸತೀನಿ.

ಎರಡು ತಿಂಗಳ ಹಿಂದ ಕೊಲ್ಹಾಪುರದಿಂದ ಈ ದಾನೋಳಿಗಿ ಬಂದು ನೀವ ಹೇಳಿದ್ರಿ. ‘ಶಾಲನಬಾಯಿ, ಎಮ್ಮಿ ಮೆಲಕ ಹಾಕುವಾಗ ಹೊಟ್ಯಾಗ ಗ್ಯಾಸ್ ಹುಟ್ಟತೈತಿ. ತೇಗಿ ತೇಗಿ ಹೊರಗ ಬಿಡತೈತಿ. ತಿಂದ ಹಿಂಡಿ ಸತ್ವಾನೂ ಅದರ ಸಂಗಾಟ ಹೋಗತೈತಿ. ಈ ಖನಿಜದ ಪುಡಿ ಕಲಸಿ ಹಾಕ್ರಿ, ತೇಗು ಕಡಿಮಿ, ಹಾಲು ಜಾಸ್ತಿ’ ಅಂದ್ರಿಲ್ಲೊ? ನಮ್ಮ ಮಾವನವರಿಗೂ ಒಂದ ಚಿಟಿಕಿ ಕೊಡ್ರಿ ಅಂದಿದ್ದೆ ನಾ. ಯಾಕ ನಗತೀರಿ? ಉಂಡು ಅವರು ತೇಗಿದ್ರ ಬಾಜೂ ಮನಿ ನಾಯಿ ಬೊಗಳತೈತ್ರಿ!

ಹೌದ್ರಿ, ನೆನಪೈತಿ. ಸೋನಿ ನಮ್ಮ ಅತ್ಯಾರ ಎಮ್ಮಿ. ಚಂದ್ರಿ ನನ್ನ ತವರಿಂದು, ಕೂಸು ಹುಟ್ಟಿದಾಗ ಅಪ್ಪ ತಂದು ಕಟ್ಟಿದ್ದು. ನೀವು ಸೋನಿ ಕೊಂಬಿಗಿ ಕೆಂಪು ಬಳದು, ಪುಡಿ ಇದಕ್ಕಷ್ಟ, ಚಂದ್ರಿಗಿ ಬರೇ ಹಿಂಡಿ ಅಂದ್ರಿ. ಹಂಗ ಮಾಡೀನ್ರಿ... ಮತ್ತ!

ಇವತ್ತ ಮೂತಿಗಿ ಗ್ಯಾಸ್ ಹಿಡಿಯೂ ಚೀಲ ಕಟ್ಟಿ ನೋಡಿದ್ರ ಸೋನಿ ಚೀಲ ಮೊದಲಿನಂಗ ಉಬ್ಬೇತಿ, ಚಂದ್ರಿದು ಸೊರಗೇತಿ. ಹಾಲೂ ಚಂದ್ರಿದ ಅರ್ಧ ಲೀಟರ ಹೆಚ್ಚಾಗೇತಿ. ಅಷ್ಟಕ್ಕ ಪುಡಿನ ಸುಳ್ಳು ಅಂದ್ರ? ಚೀಲ ತೂತ ಇರಬಹುದಲ್ರಿ! ಇಲ್ಲಾ... ಸೋನಿ ಮಹಾ ಹಟಮಾರಿ, ಚೀಲ ಕಂಡ್ರ ಬೇಕಂತ ತೇಗತೈತಿ.

ನನಗ್ಯಾಕ ಇಷ್ಟ ಕಾಳಜಿ ಅಂತೀರಾ? ನೀವು ಹಂಗ ಬರದ್ರ ಪುಡಿ ಬರೂದು ನಿಲ್ಲತೈತಿ. ನಿಂತರ ಚಂದ್ರಿ ಹಾಲು ಇಳೀತೈತಿ... ಅಲ್ಲ, ಸೋನಿದು ಅನ್ನಾಕ ಹೋದ್ನಿ. ಅತ್ಯಾರು ಹೇಳಿ ಬಿಟ್ಟಾರ, ಹಾಲು ಇಳಿದ್ರ ಚಂದ್ರಿನ್ನ ಗಡಹಿಂಗ್ಲಜ ದನದ ಬಜಾರಕ್ಕ ಹೊಡೀತೀನಿ ಅಂತ.

ಯಾಕ ಎದ್ರಿ? ಎಲ್ಲಿ ಹೊಂಟ್ರಿ? ಚಂದ್ರಿ ಗ್ವಾದಲ್ಯಾಗ ಕೈ ಹಾಕಬ್ಯಾಡ್ರಿ, ಹಾಯತೈತಿ! ... ಆ ಬಿಳಿ ಪುಡಿನಾ? ಸುಣ್ಣರಿ. ಗೋಡಿ ಸುಣ್ಣ ಉದರೇತಿ. ... ಹೌದ್ರಿ. ಮಣ್ಣಿನ ಗೋಡಿ. ಸುಣ್ಣ ಹಚ್ಚಿಲ್ಲ.

ಹಂಗ ನೋಡಬ್ಯಾಡ್ರಿ ಸಾಹೇಬ್ರ. ಬೈರಿ ಬೇಕಾದ್ರ!

ಆತು. ದಿನಾ ಮುಂಜಾನಿ ಎರಡು ಚಮಚ, ಚಂದ್ರಿಗಿ. ಸೋನಿಗಿ ಒಂದ ದಿನಾನೂ ಹಾಕಿಲ್ಲ. ಸೋನಿ ಹಾಲು ಹೆಚ್ಚಾದ್ರ ಡೇರಿ ಕ್ಯಾನಿಗಿ ಹೋಗತೈತಿ. ತವರಿನ ಎಮ್ಮಿ ಹಾಲು ಕೂಸಿಂದು, ಅದಕ್ಕ ಅತ್ಯಾರೂ ಕೈ ಹಚ್ಚಂಗಿಲ್ಲ, ನಮ್ಮ ಮನ್ಯಾಗ ಅದ ರೀತಿ. ಮೇವು ಮಾತ್ರ ನಮ್ಮದು ಅಂತ ಅತ್ಯಾರದು ದಿನಾ ಗುಣಗುಣ. ಎರಡಕ್ಕೂ ಹಾಕಬೇಕಿತ್ತಾ? ಒಂದಕ್ಕ ಸಾಲುವಷ್ಟ ಕೊಟ್ಟಾವ್ರು ನೀವ ಅಲ್ರಿ!

ಅಂದ್ರ ನಿಮ್ಮ ಪುಡಿ ಖರೇ ಐತಿ! ಚಂದ್ರಿ ತೇಗೂದ ಮರತೇತಿ ನೋಡ್ರಿ. ಎಮ್ಮಿ ಹೆಸರು ತಿರುವಿ ಬರದ್ರ ಮುಗೀತು... ಕಾಗದ ಯಾಕ ನನ್ನ ಮುಂದ ಹಿಡದ್ರಿ? ಓ... ಕೆಳಗ ಅತ್ಯಾರ ಹೆಬ್ಬಟ್ಟು. ಸೋನಿ ಪುಡಿ ತಿಂದೈತಿ ಅಂತ ಒತ್ತ್ಯಾರ. ನಾ ಹೇಳಿದ್ದ ನಂಬಿ. ಹೊಸಾ ಕಾಗದಕ್ಕ ಮತ್ತ ಅವರ ಒತ್ತಬೇಕಾ? ನಾ ಹತ್ತನೇ ಕ್ಲಾಸ ಕಲ್ತೀನ್ರಿ, ನನ್ನ ಸಹಿ... ನಡಿಯಂಗಿಲ್ಲಾ?

ಅಗೋ, ಅತ್ಯಾರು ಬಸದಿಯಿಂದ ಬರಾಕತ್ತಾರ.

ತರ್ರಿ ಕಾಗದ. ನಾನ ಹೇಳತೀನಿ. ನೀವು ಇಲ್ಲೇ ನಿಂದರ್ರಿ, ಒಂದ ಹೆಜ್ಜಿ ಹಿಂದ ಸರದ್ರ ನೋಡ್ರಿ ಮತ್ತ!

ಅತ್ಯಾರ, ನಿಮಗೊಂದ ಮಾತು ಹೇಳಬೇಕ್ರಿ. ಮೊದಲ ಆ ಚಪ್ಪಲಿ ಬಾಗಲದಾಗ ಬಿಟ್ಟು ಬರ್ರಿ... ಆಮ್ಯಾಲ ಹೇಳತೀನಿ.