ಸೀನು ನಿಲ್ಲಿಸಿದ ಹುಳ

ಆಸ್ಪತ್ರೆಯ ನೀರಿನ ನಲ್ಲಿಯ ಹತ್ತಿರ ಇದ್ದದ್ದು ಒಂದೇ ಲೋಟ. ಅದನ್ನು ಹಿಡಿದಿದ್ದ ಹೆಂಗಸು ಗಂಡನ ಅಂಗೈಯಲ್ಲಿ ಜಂತುಹುಳುವಿನ ಮಾತ್ರೆ ಇಟ್ಟರು. ನಾನು ಲೋಟಕ್ಕಾಗಿ ಕಾಯುತ್ತಿದ್ದೆ.

“ನುಂಗ್ರೀ, ಹಿಂದೆ ಜನ ಕಾಯ್ತಿದ್ದಾರೆ.”

“ನುಂಗಿದ್ರೆ ಸೀನು ವಾಪಸ್ ಬರುತ್ತಲ್ಲೇ.”

“ಹೊಟ್ಟೆ ಹುಳಕ್ಕೂ ಸೀನಿಗೂ ಏನ್ರೀ ಸಂಬಂಧ?”

“ಕರುಳಲ್ಲಿ, ಮೂಗಲ್ಲಿ ಮಾಸ್ಟ್ ಕೋಶ ಅಂತ ಕಾವಲುಗಾರರು ಇರ್ತಾರಂತೆ. ಹುಳ ಕಂಡ್ರೆ ಗಲಾಟೆ ಎಬ್ಬಿಸಿ ಹೊರಗೆ ದಬ್ಬೋದು ಅವರ ಕೆಲಸ. ಬೆಕ್ಕಿನ ಕೂದಲು ಕಂಡ್ರೂ ಅದೇ ಗಲಾಟೆ. ಅದೇ ನನ್ನ ಸೀನು.”

“ಈ ವರ್ಷ ನೀವು ಒಂದ್ಸಲಾನೂ ಸೀನಲಿಲ್ವಲ್ಲ?”

“ಹುಳ ತಾನು ಉಳ್ಕೊಳ್ಳೋಕೆ ಏನೋ ರಸ ಬಿಟ್ಟು ಆ ಕಾವಲುಗಾರರನ್ನ ಮಲಗಿಸಿರಬಹುದು ಅಂದ್ರು ಡಾಕ್ಟ್ರು.”

“ಅಯ್ಯೋ, ಅದಕ್ಕೇನಾ ನಿಮ್ಮ ಸೀನಿಗೆ ಹೆದರಿ ಕಳಿಸಿದ್ದ ನನ್ನ ಬೆಕ್ಕು ನಿಮ್ಮಕ್ಕನ ಮನೆಯಿಂದ ವಾಪಸ್ ಬಂದಿದ್ದು!”

“ಹೂಂ ಕಣೇ. ಪಾಪ, ಹುಳ ಇದ್ದುಕೊಂಡು ಹೋಗ್ಲಿ ಬಿಡು.”

“ರಕ್ತ ಹೀರಿ ನಿಮ್ಮನ್ನ ಕಡ್ಡಿ ಮಾಡಿಟ್ಟಿದೆ. ಉಂಡ ಮನೆಗೆ ಎರಡು ಬಗೆಯೋದಕ್ಕೆ ಪಾಪ ಬೇರೆ! ನುಂಗಿ.”

ಆತ ನುಂಗಿದರು.

“ಸೀನು ಶುರುವಾದ್ರೆ ಬೆಕ್ಕಿನ ಗತಿ?”

“ಹೋದ ಸಲ ಬೆಕ್ಕು ನಿಮ್ಮಕ್ಕನ ಮನೆಗೆ ಹೋಗಿತ್ತು. ಈ ಸಲ ಸರದಿ ನಿಮ್ಮದು.”

ಲೋಟ ತೊಳೆದು ನನ್ನ ಕೈಗಿಟ್ಟು ಆಕೆ ಹೊರಟರು. ಗಂಡ ಮೂಗು ಮುಟ್ಟಿ ನೋಡಿಕೊಳ್ಳುತ್ತ ಹಿಂದೆಯೇ ನಡೆದರು.