ರೈಡರ್ ಹೆಸರಿನ ಕರು

ತುಮಕೂರು ಬಸ್ ನಿಲ್ದಾಣದಲ್ಲಿ ಹೆಬ್ಬೂರಿನ ಬಸ್ಸಿಗೆ ಕಾಯುತ್ತಿದ್ದೆ. ಅಂತರಸನಹಳ್ಳಿ ಕಾರ್ಖಾನೆಯ ಇಬ್ಬರು ಪಕ್ಕದಲ್ಲೇ ನಿಂತು ಕಬಡ್ಡಿ ಟೀಮಿನ ವಿಷಯಕ್ಕೆ ಕಿತ್ತಾಡುತ್ತಿದ್ದರು.

“ನಮ್ಮ ಟೀಮ್ನೋರು ದೀಪೇಶನ್ನ ಮಾರ್ಬುಟ್ರಲ್ಲೋ ರಾಮಾಂಜಿ. ಆ ದುಡ್ಡಲ್ಲಿ ಮಂಡಿ ನೋವಿನವ್ನ ತಂದವ್ರೆ.”

“ದೀಪೇಶ ಹೋದ್ಸಲ ಏನ್ ಕಿಸ್ದ ಅನಂತಣ್ಣ? ರೈಡಿಗೆ ಹೋಗಿ ಸಿಕ್ಕಾಕ್ಕೊಂಡಿದ್ದೇ ಬಂತು.”

“ನಮ್ಮ ಕರೂಗೆ ಅವನ ಹೆಸರು ಇಟ್ಟಿದೀನಿ ಕಣೋ. ಇನ್ಮೇಲೆ ಎದುರು ಟೀಮಿನವನ ಹೆಸರು ಕೂಗಿ ಹುಲ್ಲು ಹಾಕ್ಬೇಕಾ?”

“ಬೇರೆ ಹೆಸರು ಇಡು.”

“ಬೇರೆ ಹೆಸರಿಗೆ ಅದು ತಿರುಗಿ ನೋಡಲ್ಲ.”

“ಹಂಗಾದ್ರೆ ನೀನೂ ಮಾರ್ಬುಡು. ನಮ್ಮ ಮಾವ ತಗೋತಾರೆ.”

“ಮನೇಲಿ ಸಾಕಿದ್ದನ್ನ ಮಾರಕ್ಕೆ ನಾನೇನ್ ಟೀಮ್ ಓನರಾ?”

“ಮತ್ತೇನ್ ಮಾಡ್ತೀಯ?”

“ಟೀಮ್ ಬದಲಾಯಿಸ್ತೀನಿ.”

ಬಸ್ ಬಂತು. ಅನಂತಣ್ಣನ ಪಕ್ಕದ ಸೀಟು ಖಾಲಿ ಇದ್ದರೂ ರಾಮಾಂಜಿ ಹೆಬ್ಬೂರಿನವರೆಗೆ ನಿಂತೇ ಇದ್ದ.