ಮಟ್ಟ ಕಲಿಸಿದ ನೆಲ

...ನಗ್ತೀಯಾ? ನಗು ನಗು! ಆಫೀಸ್ ಗೇಟಿನ ಮುಂದೆ ನಿಂತು ಯಜಮಾನರನ್ನ ಬಾಯಿಗೆ ಬಂದ ಹಾಗೆ ಬೈಯೋ ಅಣ್ಣ, ಇವತ್ತು ಅವರ ಕಾಗದಕ್ಕೆ ಸಹಿ ಹಾಕು ಅಂತಿದಾನೆ ಅಂತ ತಾನೆ ನಗು? ಗ್ಯಾರೇಜಿಗೆ ಬಂದವಳು ಕೂತ್ಕೋ ಮೊದ್ಲು. ಆ ಟೈರ್ ಮೇಲೆ ಬೇಡ, ಮಸಿ... ಸರಿ, ಕೂತ್ಕೋ.

ಎರಡೇ ಸಾಲು. 'ತಿರುವಿನಲ್ಲಿ ಜೋರಾಗಿ ಓಡಿಸಿದೆ, ತಪ್ಪು ನನ್ನದೇ.' ಬಲಗೈಗೆ ಪ್ಲಾಸ್ಟರ್ ಇದ್ರೆ ಎಡಗೈಲಿ ಗೀಚು. ಲೈಸೆನ್ಸ್ ಹೋಗತ್ತಾ? ಹೋಗ್ಲಿ! ಹನ್ನೊಂದು ವರ್ಷ ಅವರ ಕಾರು ಓಡಿಸಿ ಯಾವ ಅರಮನೆ ಕಟ್ಟಿದೀಯ?

ಏನು, ಕಾರು ತಾನೇ ವಾಲಿ ಕಂಬಕ್ಕೆ ಗುದ್ದಿತಾ? ಛೆ ಛೆ, ಅಂಥಾ ಮಹಾರಾಜನ ಮೇಲೆ ಅಪವಾದ! ಯಜಮಾನರ ಹೊಟ್ಟೆ ನೀರು ಅಲ್ಲಾಡಬಾರದು ಅಂತ ಅದರ ಕೆಳಗೆ ಎಷ್ಟು ಆಳುಗಳಿದಾರೆ ಗೊತ್ತಾ? ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ದಪ್ಪ ಸರಳು. ಸರಳಿನ ನಟ್ಟನಡುವೆ ಮೋಟರ್. ಕಾರು ವಾಲಿದ್ರೆ ಸಾಕು, ಸರಳನ್ನ ತಿರುಚಿ ನೆಟ್ಟಗೆ ನಿಲ್ಲಿಸತ್ತೆ. ವಾಲಿತು ಅಂತ ಚಾಡಿ ಹೇಳೋಕೆ ಸೀಟಿನ ಕೆಳಗೊಂದು ಸೆನ್ಸಾರ್. ಚಾಡಿ ಕೇಳೋಕೊಂದು ಕಂಪ್ಯೂಟರ್. ಥೇಟ್ ಅವರ ಆಫೀಸೇ! ನಾವು ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀವಲ್ಲ, ನಮ್ಮನ್ನ ನೆಟ್ಟಗೆ ನಿಲ್ಲಿಸೋಕೆ ಯಾವ ಮೋಟರ್ ಇದೆ?

ಯಾಕೆ ಹಾಗೆ ನೋಡ್ತೀಯ?

ಹೌದು. ಹೋದ ವಾರ ಆ ಸೆನ್ಸಾರ್ ಬದಲಾಯಿಸಿದ್ದು ನಾನೇ. ಏನೀಗ? ಪುಸ್ತಕ ಓದಿ ಕಲಿತವನಲ್ಲ ನಾನು, ಕೈ ಸುಟ್ಕೊಂಡು ಕಲಿತವನು. ಹೊಸ ಸೆನ್ಸಾರ್ ಅಂದ್ರೆ ಹಸುಗೂಸು, ಅದಕ್ಕೇನೂ ಗೊತ್ತಿರಲ್ಲ. ಕಾರನ್ನ ಮಟ್ಟವಾದ ನೆಲದ ಮೇಲೆ ನಿಲ್ಲಿಸಿ, 'ಇದೇ ಕಣಪ್ಪ ಮಟ್ಟ, ನೆನಪಿಟ್ಕೋ' ಅಂತ ಕಲಿಸಬೇಕು. ಕಲಿಸಿದೆ. ಇಲ್ಲೇ. ನೀನು ಕೂತಿರೋ ಜಾಗದಲ್ಲೇ.

...ಗಾಡಿ ತೊಳೆಯೋ ಜಾಗ ಆದ್ರೇನು? ಒಳಗೆ ಬೇರೆ ಗಾಡಿ ಬಿಚ್ಚಿ ಹಾಕಿದ್ರು. ಯಜಮಾನರದ್ದು ಹತ್ತು ನಿಮಿಷಕ್ಕೊಂದು ಫೋನು. ನೆಲ ಅಂದ್ಮೇಲೆ ನೆಲ! ಕಲಿಸಿದೆ, ಕಳಿಸಿದೆ.

ಬಗ್ಗಿದ್ಯಾಕೆ? ಏನದು ಕೈಲಿ? ಬೇರಿಂಗ್ ಗುಂಡಾ? ಗೋಲಿ ಆಡೋ ವಯಸ್ಸೇನೇ ನಿಂದು? ಎಸೆ ಆ ಕಡೆ... ಏ, ನೆಲದ ಮೇಲೆ ಇಡಬೇಡ. ಇಡಬೇಡ ಅಂದೆ!

...

ಮೋರಿವರೆಗೂ ಉರುಳಿತು.

ಬೈಯೇ, ಏನಾದ್ರೂ ಬೈ... ನಿನ್ನ ಕೈ ಎಕ್ಸರೇ ನೋಡಿದ ದಿನಾನೇ ನನಗೆ ಗೊತ್ತಾಯ್ತು, ಇಳಿಜಾರನ್ನೇ ಮಟ್ಟ ಅಂತ ಕಲಿಸಿದೀನಿ, ಅದಕ್ಕೇ ತಿರುವಲ್ಲಿ ಸರಳು ತಪ್ಪಾಗಿ ತಿರುಚಿದೆ ಅಂತ. ಅವತ್ತೇ ಗೊತ್ತಾಯ್ತು ಕಣೇ...

ಕೊಡು ಆ ಕಾಗದ. ಕೊಡು ಅಂದ್ರೆ ಕೊಡು. 'ತಪ್ಪು ನನ್ನದೇ' ಅಂತ ತಾನೆ ಬರೆದಿರೋದು? ಮಾತು ಸರಿಯಾಗೇ ಇದೆ. ಹೆಸರೊಂದು ತಿದ್ದಬೇಕು.